ಒಂಬತ್ತು ಸಂಜೆಗೆ ಒಂದು ಮನೆ ಕಡಿಮೆ

ಇಂಗ್ಲೆಂಡಿನ ನಮ್ಮ ಬೀಸ್ಟನ್‌ನಲ್ಲಿ ಹೊಸದಾಗಿ ಒಂದು ಕೊಲಂಬಿಯಾ ತಿಂಡಿ ಅಂಗಡಿ ಶುರುವಾಗಿದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ಚೀಸ್ ಬೆರೆಸಿದ ಹಿಟ್ಟು ಬಿಸಿ ಎಣ್ಣೆಯಲ್ಲಿ ಬೇಯುವ ವಾಸನೆ ಬಂತು. ಬುನ್ಯುವೆಲೊ! ನೋಡಲು ಥೇಟ್ ನಮ್ಮ ಗೋಳಿಬಜೆ. ಬಸ್ಸು ಹೋದರೆ ಹೋಗಲಿ ಎಂದು ಅಲ್ಲೇ ನಿಂತೆ. ಪಕ್ಕದ ಮನೆಯ ಆಂಟಿ ನೆನಪಾದರು...

ನಾವು ಈ ಬೀದಿಗೆ ಬಂದಾಗ ಕೊಲಂಬಿಯಾದ ಆ ಆಂಟಿ ಆಗಲೇ ಇಲ್ಲಿ ಹಳಬರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಇಂಗ್ಲಿಷ್ ಅಷ್ಟಕ್ಕಷ್ಟೇ, ದನಿ ಮಾತ್ರ ಬೀದಿಯ ಆಚೆ ತುದಿಗೆ ಕೇಳುವಂಥದ್ದು. ಸೂಪರ್‌ಮಾರ್ಕೆಟ್ಟಿನಲ್ಲಿ ಯಾರಾದರೂ ಸ್ಪ್ಯಾನಿಷ್ ಮಾತಾಡಿದ್ದು ಕಿವಿಗೆ ಬಿದ್ದರೆ ಸಾಕು, ಗುರುತು ಪರಿಚಯ ಇಲ್ಲದಿದ್ದರೂ ಫೋನ್ ನಂಬರ್ ಇಸಿದುಕೊಂಡೇ ಬರುತ್ತಿದ್ದರು. ನಾವಾದರೋ ಅಂಥ ಕಡೆ ಕನ್ನಡ ಕೇಳಿಸಿದರೆ ಬೇಳೆ ಪ್ಯಾಕೆಟ್ ಓದುತ್ತಾ ನಿಲ್ಲುವ ಜನ! ಹೀಗೆ ಹೆಕ್ಕಿ ಹೆಕ್ಕಿ ಅವರು ಕೊಲಂಬಿಯಾ, ಈಕ್ವೆಡಾರ್, ಪೆರು ಕಡೆಯ ಒಂದಷ್ಟು ಕುಟುಂಬಗಳನ್ನು ಒಟ್ಟು ಹಾಕಿದ್ದರು.

ಅವರೂರಿನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಒಂಬತ್ತು ಸಂಜೆ ಪ್ರಾರ್ಥನೆ, ಹಾಡು, ತಿಂಡಿ. ದಿನಕ್ಕೊಂದು ಮನೆ. ಇಲ್ಲಿ ಒಂಬತ್ತು ಮನೆ ಹೊಂದಿಸುವುದೇ ಆಂಟಿಗೆ ತಲೆನೋವು. ಹಿಂದಿನ ವರ್ಷ ನಡುವೆ ಮನೆ ಸಿಗದೆ ಜನ ಅಲ್ಲಿಗೇ ಚದುರಿದ್ದರಂತೆ. ಈ ಸಲವೂ ಮುರಿದರೆ ಮತ್ತೆ ಯಾರೂ ಸೇರುವುದಿಲ್ಲ ಎಂಬ ಭಯ ಅವರಿಗೆ. ಹೀಗಿರುವಾಗ ಒಂದು ಸಂಜೆಯ ಸರದಿಯಿದ್ದ ನರ್ಸ್ ಒಬ್ಬಳ ಡ್ಯೂಟಿ ಪಾಳಿ ಅದೇ ದಿನ ಬೆಳಿಗ್ಗೆ ಬದಲಾಯಿತು. ಮಧ್ಯಾಹ್ನ ಆಂಟಿ ಬಾಣಲೆ ಸಮೇತ ನಮ್ಮ ಬಾಗಿಲಲ್ಲಿದ್ದರು.

“ನಿಮ್ಮ ಮನೆ ಕೊಡು. ಜನ, ತಿಂಡಿ, ದೇವರು ಎಲ್ಲಾ ನಾನೇ ತರ್ತೀನಿ,” ಎಂದರು, ತಮ್ಮ ಅರೆಬರೆ ಇಂಗ್ಲಿಷಿನಲ್ಲಿ.

ನಾನು ಹೂಂ ಅನ್ನುವ ಮೊದಲೇ, ಉಡುಪಿಯಿಂದ ಬಂದಿದ್ದ ನಮ್ಮ ಅತ್ತೆ ಸೋಫಾ ಸರಿಸತೊಡಗಿದ್ದರು. ಭಜನೆ ಎಂದರೆ ಅವರಿಗೆ ಯಾವ ಭಾಷೆಯಾದರೂ ಸರಿ.

ಆಂಟಿ ಮೂಲೆಯ ಮೇಜಿನ ಮೇಲೆ ಹುಲ್ಲು ಹಾಸಿ, ಕುರಿ, ದನ, ಮೇರಿ, ಜೋಸೆಫ್ ಗೊಂಬೆಗಳನ್ನೆಲ್ಲ ಜೋಡಿಸಿ, ನಡುವೆ ಪುಟ್ಟ ತೊಟ್ಟಿಲಿಟ್ಟು, ಜನರನ್ನು ಕರೆತರಲು ಹೋದರು. ತೊಟ್ಟಿಲು ಖಾಲಿ. ಬಾಲ ಯೇಸುವನ್ನು ಅದರಲ್ಲಿ ಮಲಗಿಸುವುದು ಕೊನೆಯ ದಿನವೇ. ನಮಗೇನು ಗೊತ್ತು?

“ಖಾಲಿ ತೊಟ್ಟಿಲು ಇಡ್ಲಿಕ್ಕುಂಟಾ? ಪಾಪ, ಗಡಿಬಿಡಿಯಲ್ಲಿ ಮರ್ತಿರ್ಬೇಕು,” ಎಂದ ಅತ್ತೆ, ದೇವರ ಗೂಡಿನಿಂದ ನಮ್ಮ ಅಂಬೆಗಾಲು ಕೃಷ್ಣನನ್ನು ತಂದು ಅದರಲ್ಲಿ ಮಲಗಿಸಿ, ಕರ್ಚೀಫು ಹೊದೆಸಿದರು.

ಮನೆ ತುಂಬಿತು. ಪ್ರಾರ್ಥನೆ ಓದಲು ಎದ್ದ ಮುದುಕರೊಬ್ಬರು ತೊಟ್ಟಿಲ ಕಡೆ ನೋಡಿದವರು ಹಾಗೇ ನಿಂತುಬಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ನೋಡಿದರು. ಒಬ್ಬ ಹೆಂಗಸು ಕೋಟು ಕೈಗೆತ್ತಿಕೊಂಡಳು. ಆಂಟಿ ಅಷ್ಟು ಕಷ್ಟಪಟ್ಟು ಸೇರಿಸಿದ ಜನ ನಮ್ಮ ಮನೆಯಿಂದಲೇ ಎದ್ದು ಹೋಗುತ್ತಾರಲ್ಲ!

ಆಂಟಿ ಕರ್ಚೀಫು ಸರಿಸಿ ನೋಡಿದರು. ಅತ್ತೆಯ ಮುಖ ನೋಡಿದರು. ಮತ್ತೆ ಕೃಷ್ಣನಿಗೆ ಗಲ್ಲದವರೆಗೆ ಹೊದೆಸಿ, ಸ್ಪ್ಯಾನಿಷಿನಲ್ಲಿ ಏನೋ ಹೇಳಿದರು. ಎಲ್ಲರೂ ಘೊಳ್ಳೆಂದು ನಕ್ಕರು. ಆ ಮುದುಕರು ನನಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದರು: “ನಮ್ಮ ಮಗು ಬರೋದು ಇನ್ನೂ ತಡ. ಅಲ್ಲೀವರೆಗೆ ಪಕ್ಕದ ಮನೆ ಮಗು ಮಲಗಲಿ, ಹಾಸಿಗೆ ಬೆಚ್ಚಗಿರುತ್ತೆ.”

ಕೋಟು ಗೂಟಕ್ಕೆ ಮರಳಿತು. ಹಾಡು ಶುರುವಾಯಿತು. ಅತ್ತೆ ತಾಳ ಹಿಡಿದು ಕೂತರು. ಹಾಡಿಗೂ ತಾಳಕ್ಕೂ ಎತ್ತಣಿಂದೆತ್ತ ಸಂಬಂಧ, ಕೇಳುವವರೇ ಇಲ್ಲ! ಹೊರಡುವಾಗ ಅತ್ತೆ ಕುಂಕುಮದ ಭರಣಿ ತಂದರೆ, ಮೊದಲು ಹಣೆ ಒಡ್ಡಿದವಳು ಆ ಕೋಟಿನವಳೇ. ಆ ವರ್ಷ ಒಂಬತ್ತೂ ಸಂಜೆ ನಡೆದವು. ಮರುವರ್ಷದಿಂದ ನಮ್ಮ ಮನೆಯೂ ಸರದಿಗೆ ಸೇರಿತು.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಚರ್ಚಿನಲ್ಲಿ ಕೂರಲು ಜಾಗವಿಲ್ಲದೆ ಜನ ಹೊರಗೆ ಚಳಿಯಲ್ಲಿ ನಿಂತಿದ್ದರು. ಅವರಿಲ್ಲದೆ ಈ ಬೀದಿ ನನಗೆ ತೀರಾ ಸಪ್ಪೆ...

ಈಗ ಹತ್ತಿರದ ಲಫ್‌ಬರೋ ಊರಿನವರೆಗೂ ಸ್ಪ್ಯಾನಿಷ್ ಮನೆಗಳು. ನಾ ಮುಂದು ತಾ ಮುಂದು ಎಂದು ಎಲ್ಲರೂ ಕರೆಯುವುದರಿಂದ ಒಂಬತ್ತು ಸಂಜೆ ಸಾಲದೆ ಚೀಟಿ ಎತ್ತುತ್ತಾರೆ. ಈ ವರ್ಷ ನಮ್ಮ ಚೀಟಿ ಬರಲಿಲ್ಲ. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಮರುಗಳಿಗೆಯೇ ನಗು ಬಂತು. “ಆಂಟೀ, ಮನೆಗಳು ಹೆಚ್ಚಾಗಿ ನಮ್ಮನೆ ಬೇಡವಂತೆ!” ಎಂದು ಬೇಲಿಯ ಮೇಲಿಂದ ಕೂಗಿ ಹೇಳೋಣವೆಂದು ಹಿತ್ತಲಿಗೂ ಹೋದೆ. ಬೇಲಿಯಾಚೆ ಈಗ ಬೇರೆಯವರಿದ್ದಾರೆ.