ಕಣ್ಣಿನ ಬಾಯಿಪಾಠ

ಗಿರಾಕಿಗಳು ಎರಡು ವಿಷಯದಲ್ಲಿ ತಪ್ಪದೆ ಸುಳ್ಳು ಹೇಳುತ್ತಾರೆ, ಒಂದು ವಯಸ್ಸು, ಇನ್ನೊಂದು ದೃಷ್ಟಿ. ಇದು ಕನ್ನಡಕದಂಗಡಿಯವನ ಮೂವತ್ತು ವರ್ಷದ ಅನುಭವ. ಆದರೆ ಒಂದಿಡೀ ಸಾಲು ಒಗ್ಗಟ್ಟಾಗಿ ಸುಳ್ಳು ಹೇಳಿದ್ದನ್ನು ಅವನು ಕಂಡದ್ದು ಆ ಶಾಲೆಯಲ್ಲೇ.

ದೇಶದ ಇನ್ನೊಂದು ಮೂಲೆಯಲ್ಲಿ ಯುದ್ಧ ಜೋರಾಗಿ, ಉಟ್ಟ ಬಟ್ಟೆಯಲ್ಲೇ ಓಡಿಬಂದವರನ್ನು ಅಲ್ಲಿ ಇಳಿಸಿದ್ದರು. ಜೀವ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಕನ್ನಡಕ ಯಾರಿಗೆ ನೆನಪಾಗುತ್ತದೆ? ಇವನು ಮನೆಮನೆಯಿಂದ ಹಳೇ ಕನ್ನಡಕ ಕೇಳಿ ತಂದು, ತೊಳೆದು, ಪವರ್ ಅಳೆದು ಚೀಟಿ ಅಂಟಿಸಿ, ಎರಡು ಬಿಸ್ಕತ್ತಿನ ಡಬ್ಬ ತುಂಬಿಸಿಕೊಂಡು ಭಾನುವಾರ ಬೆಳಿಗ್ಗೆ ಹಾಜರಾದ.

ಗೋಡೆಗೆ ಅಕ್ಷರದ ಪಟ ತೂಗುಹಾಕಿ ಓದಿಸತೊಡಗಿದ. ಮೊದಲ ನಾಲ್ವರು ತಡವರಿಸಿದರು, ತಪ್ಪಿದ್ದನ್ನು ಇವನೇ ಗಟ್ಟಿಯಾಗಿ ತಿದ್ದಿ ಹೇಳಿದ. ಐದನೆಯವರಿಂದ ಎಲ್ಲರದೂ ಹದ್ದಿನ ಕಣ್ಣು! ಕೊನೆಯ ಸಾಲನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದಾರೆ. ನಿಂತಲ್ಲೇ ಕೇಳಿ ಕೇಳಿ ಬಾಯಿಪಾಠ. ಶಾಲೆಯ ಕೋಣೆ ನೋಡಿ, ಫೇಲಾಗಲು ಯಾರಿಗೂ ಮನಸ್ಸಿಲ್ಲ.

ಅವನು ಸದ್ದಿಲ್ಲದೆ ಪಟ ಬದಲಿಸಿದ.

ಮುಂದೆ ಬಂದವಳು ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ದರ್ಜಿ ಅಕ್ಕ. ಬೆನ್ನು ನೆಟ್ಟಗೆ ಮಾಡಿಕೊಂಡು ಹಳೇ ಪಟವನ್ನೇ ಸೊಗಸಾಗಿ ಒಪ್ಪಿಸಿದಳು.

"ಅಕ್ಕಾ, ನೀವು ಓದಿದ ಪಟ ಆಗಲೇ ನನ್ನ ಚೀಲದಲ್ಲಿ ನಿದ್ದೆ ಮಾಡ್ತಿದೆ."

ಸಾಲೆಲ್ಲ ಹೋ ಎಂದು ನಕ್ಕಿತು. ಅಕ್ಕ ನಗಲಿಲ್ಲ.

"ಮೆಲ್ಲಗಪ್ಪಾ," ಎಂದು ಹತ್ತಿರ ಬಂದು ಪಿಸುಗುಟ್ಟಿದಳು. "ನಾಳೆ ಸಮವಸ್ತ್ರ ಹೊಲಿಯೋ ಕಾರ್ಖಾನೆಯವರು ಕೆಲಸಕ್ಕೆ ಜನ ಆರಿಸೋಕೆ ಬರ್ತಾರೆ. ಸೂಜಿಗೆ ದಾರ ಪೋಣಿಸಿ ತೋರಿಸಬೇಕಂತೆ. ಕಣ್ಣು ಮಂಜು ಅಂತ ನೀನು ಬರೆದುಬಿಟ್ಟರೆ ನನ್ನ ಕಥೆ ಮುಗೀತು. ಮೊಮ್ಮಕ್ಕಳಿಗೆ ಎಷ್ಟು ದಿನ ಅಂತ ತಟ್ಟೆ ಹಿಡಿದು ನಿಲ್ಲೋದು ಕಲಿಸಲಿ?"

"ನಾನು ಬರೆಯೋದು ಕನ್ನಡಕದ ಚೀಟಿ ಅಕ್ಕಾ, ಪೊಲೀಸರಿಗೆ ದೂರಲ್ಲ. ಕೂತ್ಕೊಳ್ಳಿ."

ಅವನು ಡಬ್ಬ ತಡಕಿದ, ಅಕ್ಕ ಸೆರಗಿನ ಗಂಟಿನಿಂದ ಸೂಜಿ ದಾರ ತೆಗೆದಳು. ಮೊದಲನೆಯದು ಹಾಕಿದರೆ ಸೂಜಿ ಎರಡಾಯಿತು. ಎರಡನೆಯದರಲ್ಲಿ ಸೂಜಿಯೇ ಮಾಯ. ಮೂರನೆಯದು ಯಾರೋ ಶೋಕಿಯವರು ಕೊಟ್ಟ ಕಡುಗೆಂಪು ಫ್ರೇಮು. ಹಾಕಿಕೊಂಡವಳೇ ದಾರದ ತುದಿ ನೆಕ್ಕಿ, ಒಂದೇ ಏಟಿಗೆ ಪೋಣಿಸಿಬಿಟ್ಟಳು.

"ಬೇರೆ ಬಣ್ಣ ಹುಡುಕಲಾ?"

"ಬಣ್ಣ ಕಟ್ಕೊಂಡು ನನಗೇನು!" ಎಂದವಳು ಅವನ ಅಂಗಿ ಕಂಡು ಮುಖ ಸಿಂಡರಿಸಿದಳು. "ಬಿಳೀ ಅಂಗಿಗೆ ತಿಳಿನೀಲಿ ದಾರದಲ್ಲಿ ಗುಂಡಿ ಹಚ್ಚಿದ ಪುಣ್ಯಾತ್ಮ ಯಾರು?"

"ನಾನೇ. ಬಿಳೀ ದಾರ ಅಂತಲೇ..."

ಅಕ್ಕ ಎದ್ದು ಕುರ್ಚಿಯನ್ನು ಅವನತ್ತ ತಳ್ಳಿದಳು. "ಹಾಗಾದ್ರೆ ನೀನು ಕೂತ್ಕೋಪ್ಪ. ಓದು ನೋಡೋಣ."

ಸಾಲಿಗೆ ಎಲ್ಲಿಲ್ಲದ ಹುರುಪು. ಸುತ್ತ ಮುತ್ತಿಕೊಂಡು ಅವನಿಗೆ ಉತ್ತರ ಹೇಳಿಕೊಟ್ಟಿದ್ದೇ ಕೊಟ್ಟಿದ್ದು. ಎಲ್ಲವೂ ಹಳೇ ಪಟದ್ದೇ.

ವಾರದ ಮೇಲೆ ಒಂದು ಮಧ್ಯಾಹ್ನ ಕೆಂಪು ಕನ್ನಡಕ ಅಂಗಡಿಯ ಮೆಟ್ಟಿಲು ಹತ್ತಿತು, ಕೈಯಲ್ಲಿ ಬಿಳೀ ದಾರದ ಉಂಡೆ.

"ಬೇಗ ಅಂಗಿ ಬಿಚ್ಚಪ್ಪ. ಕಾರ್ಖಾನೇಲಿ ಊಟಕ್ಕೆ ಬಿಡೋದು ಅರ್ಧ ಗಂಟೆ ಅಷ್ಟೇ."