ಕೋಣೆಯೋ, ಕೊನೆಯೋ?

ಹೋದ ವಾರ ನಮ್ಮ ಬೀದಿಯವರೆಲ್ಲ ಸೇರಿ, ಬದುಕಿರುವ ಹೆಣ್ಣುಮಗಳೊಬ್ಬಳಿಗಾಗಿ ಬಾಯಿ ಬಡಿದುಕೊಂಡು ಅತ್ತೆವು. ನಗಬೇಡಿ. ನೀವು ಅಲ್ಲಿದ್ದಿದ್ದರೆ ನೀವೂ ಅಳುತ್ತಿದ್ದಿರಿ.

ಹೊಸಕೋಟೆಯಲ್ಲಿ ನಮ್ಮ ಪಕ್ಕದ ಮನೆ ಮುನಿಯಪ್ಪನವರದು. ರಾಗಿ ಹೊಲ, ಕೊಟ್ಟಿಗೆ ತುಂಬ ದನ, ಒಬ್ಬಳೇ ಮಗಳು ಜಯಮ್ಮ. ಅವಳನ್ನು ಬೆಂಗಳೂರಿನ ಮಿಲ್ಲೊಂದರಲ್ಲಿ ಕೆಲಸಕ್ಕಿರುವ ನಾರಾಯಣನಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ. ತವರಿಗೆ ಬರಬೇಕಾಗಿತ್ತು. ಕಾಲು ಊದಿಕೊಂಡಿದೆ, ಬಸ್ಸಿನಲ್ಲಿ ಕುಲುಕಾಡಬಾರದು ಎಂದು ಡಾಕ್ಟರು ತಡೆದರು. (ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಿಂದ ಓಡುವ ನಮ್ಮ ಬಸ್ಸಿನಲ್ಲಿ ಕೂತವರು ಆ ಡಾಕ್ಟರಿಗೆ ಕೈ ಮುಗಿಯುತ್ತಾರೆ.)

ಸರಿ, ತಾಯಿ ಅಕ್ಕಯಮ್ಮನೇ ಹೋಗಿ ಬಾಣಂತನ ಮಾಡುವುದೆಂದಾಯಿತು. ಹೋಗಿ ಇರುವುದೆಲ್ಲಿ? ಗಂಡ ಹೆಂಡತಿ ಇದ್ದದ್ದೇ ನಾರಾಯಣನ ಅಣ್ಣನ ಮನೆಯ ಹಜಾರದ ಮೂಲೆಯಲ್ಲಿ. ಯುದ್ಧ ಶುರುವಾದ ಮೇಲೆ ಬೆಂಗಳೂರಿನಲ್ಲಿ ಬಾಡಿಗೆಗೆ ಜಾಗ ಸಿಗುವುದುಂಟೆ? ಒಂದು ಕೋಣೆಗಾಗಿ ನಾರಾಯಣ ಅಲೆಯುತ್ತಲೇ ಇದ್ದ. ಅಕ್ಕಯಮ್ಮ ಇಲ್ಲಿ ಮೆಣಸು, ಶುಂಠಿ ಕುಟ್ಟಿ ಬಾಣಂತಿ ಖಾರ ಮಾಡಿಟ್ಟುಕೊಂಡು ಕಾಯುತ್ತಿದ್ದರು.

ಬಂದದ್ದು ತಂತಿ. ನಮ್ಮ ಕಡೆ ತಂತಿಯವನ ಸೈಕಲ್ ನಿಂತ ಮನೆಯಲ್ಲಿ ಯಾರೋ ಹೋದರೆಂದೇ ಲೆಕ್ಕ. (ಒಳ್ಳೆಯ ಸುದ್ದಿಗೆ ಕಾರ್ಡು ಸಾಲದೆ?) ಮುನಿಯಪ್ಪ ಅದನ್ನು ಹಿಡಿದುಕೊಂಡು ಎದುರುಮನೆಯ ಸುಬ್ಬರಾಯ ಮೇಷ್ಟ್ರ ಹತ್ತಿರ ಓಡಿದರು. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಏನ್ ಬರ್ದವ್ನೆ ಹೇಳಿ ಮೇಷ್ಟ್ರೇ!"

"ಕೊನೆ ಆಯಿತು, ಬೇಗ ಬನ್ನಿ ಅಂತಿದೆ, ಮುನಿಯಪ್ಪ."

"ಅಯ್ಯೋ ನನ್ ಕಂದಾ, ನಾನ್ ಬರೋಗಂಟ ತಡೀಬಾರ್ದಾಗಿತ್ತೇನೇ!" ಎಂದು ಹಿಂದೆಯೇ ಓಡಿಬಂದಿದ್ದ ಅಕ್ಕಯಮ್ಮ ಮೇಷ್ಟ್ರ ಅಂಗಳದಲ್ಲೇ ಕುಸಿದರು. ನಾನೂ ಆ ಕಾಗದ ಈಸಿಕೊಂಡು ನೋಡಿದೆ. ಕೆ, ಓ, ಎನ್, ಇ. ಕೊನೆ. ಇನ್ನೇನೆಂದು ಓದಲಿ?

ನಾನೇ ಜೊತೆಗೆ ಹೊರಟೆ. ಬಸ್ಸಿನ ಹೊಗೆಯಲ್ಲಿ ಮುನಿಯಪ್ಪ ದಾರಿಯುದ್ದಕ್ಕೂ ಆ ಕಾಗದವನ್ನು ಮಡಿಸಿ ಬಿಚ್ಚುತ್ತಿದ್ದರು. ಅಕ್ಕಯಮ್ಮನ ಅಳು ನಿಲ್ಲಲಿಲ್ಲ. ನಾರಾಯಣನ ಅಣ್ಣನ ಮನೆ ಮುಟ್ಟಿದಾಗ ಬಾಗಿಲಲ್ಲಿ ಯಾರು ನಿಂತಿದ್ದರು ಹೇಳಿ? ಹೊಟ್ಟೆ ಹೊತ್ತುಕೊಂಡು, ಹುರಿಗಡಲೆ ಮೆಲ್ಲುತ್ತ, ಸಾಕ್ಷಾತ್ ಜಯಮ್ಮ!

"ಯಾಕವ್ವಾ ಹಿಂಗ್ ಅಳ್ತಾ ಇದ್ದೀಯ? ಖಾರದ ಡಬ್ಬ ತರ್ಲಿಲ್ವಾ?"

ಅಕ್ಕಯಮ್ಮ ಅವಳ ಮುಖ, ತೋಳು, ಹೊಟ್ಟೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಮುನಿಯಪ್ಪ ಅಳಿಯನ ಮೇಲೆ ತಿರುಗಿಬಿದ್ದರು. "ಏನಪ್ಪಾ, ಇದ್ದೊಬ್ಬ ಮಗ್ಳನ್ನ ಸಾಯ್ಸೇಬಿಟ್ಯಲ್ಲಾ!" ನಾರಾಯಣ ಕಕ್ಕಾಬಿಕ್ಕಿ. "ನಾನೇನ್ ಮಾಡ್ದೆ ಮಾವ? ಪಕ್ಕದ ಬೀದೀಲಿ ಕೋಣೆ ಸಿಕ್ತು. ಕೋಣೆ ಆಯಿತು, ಬೇಗ ಬನ್ನಿ ಅಂತ ತಂತಿ ಕೊಟ್ಟೆ."

ಕೋಣೆ!

ತಪ್ಪು ಯಾರದು? ನಾರಾಯಣ ಬರೆದದ್ದೂ ಸರಿ, ಮೇಷ್ಟ್ರು ಓದಿದ್ದೂ ಸರಿ. ಮೋಸವಿದ್ದದ್ದು ಆ ಅಕ್ಷರಗಳಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು. ಇಂಗ್ಲಿಷಿನಲ್ಲಿ ಒಂದು 'ಕ'ಕಾರಕ್ಕೆ ಸಿ, ಕೆ, ಕ್ಯೂ ಎಂದು ಮೂರು ಮೂರು ಅಕ್ಷರ. 'ನೈಫ್' ಬರೆಯುವಾಗ ಮುಂದೆ ಒಂದು ಕೆ, ಅದು ಬಾಯೇ ಬಿಡುವುದಿಲ್ಲ. ದುಡಿಯದ ಅಕ್ಷರವನ್ನು ಕೂರಿಸಿ ಸಾಕಲು ಅಲ್ಲಿ ಜಾಗವಿದೆ. ನಮ್ಮ 'ಣ'ಕ್ಕೆ ಜಾಗವಿಲ್ಲ, 'ಳ'ಕ್ಕೆ ಇಲ್ಲ. 'ಒ'ಗೂ 'ಓ'ಗೂ ಒಂದೇ ಗುಂಡು ಸೊನ್ನೆ.

ಈಗಿನ ಸಂತೆಯ ಮಾತನ್ನೇ ತೆಗೆದುಕೊಳ್ಳಿ. ಬೆಳೆ ಇಲ್ಲ, ಅದಕ್ಕೇ ಬೇಳೆಗೆ ಬೆಲೆ. ಹಾಲು ಮಾರುವ ಹೆಂಗಸೂ ಮೂರು ಮಾತನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾಳೆ. ಇಂಗ್ಲಿಷಿನ ಅಕ್ಷರದಲ್ಲಿ ಬರೆದು ನೋಡಿ, ಮೂರೂ ಒಂದೇ. ಅವರ ಕಾಫಿ, ಆಫೀಸುಗಳ 'ಫ'ಕ್ಕಾಗಿ ನಾವು ನಾಲಿಗೆ ತಿರುಚಿಕೊಂಡು ಕಲಿಯಲಿಲ್ಲವೆ? ನಮ್ಮ ಒಂದು ಕೋಣೆಗಾಗಿ ಅವರು ಕಲಿಯಬಾರದೆ?

ಅಕ್ಕಯಮ್ಮ ಮಗಳ ಹತ್ತಿರ ಉಳಿದರು. ಮುನಿಯಪ್ಪ ದನಕರು ನೋಡಿಕೊಳ್ಳಲು ಊರಿಗೆ ಮರಳಿದ್ದಾರೆ. ಹೆರಿಗೆ ಇಂದೋ ನಾಳೆಯೋ. ಸುದ್ದಿ ಬರಬೇಕಾದ್ದು ಮತ್ತೆ ತಂತಿಯಲ್ಲೇ. ಸೈಕಲ್ ಬೆಲ್ಲು ಕೇಳಿದರೆ ಆ ಮನುಷ್ಯ ಕೊಟ್ಟಿಗೆಯೊಳಗೆ ಹೋಗಿ ನಿಲ್ಲುತ್ತಾರೆ. "ಇನ್ನೊಂದ್ ತಂತಿ ಬಂದ್ರೆ ಓದ್ಸೋಕೇ ಭಯ ಆಯ್ತದೆ ಸ್ವಾಮಿ," ಎಂದು ನಿನ್ನೆ ನನ್ನೆದುರು ಕಣ್ಣೊರೆಸಿಕೊಂಡರು.

ತಡೆಯಲಾಗಲಿಲ್ಲ. ನೇರ ತಂತಿ ಆಫೀಸಿಗೆ ಹೋಗಿ ಗುಮಾಸ್ತರನ್ನು ಕೇಳಿದೆ. ಕನ್ನಡದ ಮಾತನ್ನು ಕನ್ನಡದ ಅಕ್ಷರದಲ್ಲೇ ಯಾಕೆ ಕಳಿಸಬಾರದು?

"ನಾನೇನ್ ಮಾಡ್ಲಿ ಸಾರ್? ಮೆಷಿನ್‌ಗೆ ಕನ್ನಡ ಬರಲ್ಲ," ಎಂದರು ಆ ಮಹಾಶಯರು. "ಅವ್ರು ರೂಮ್ ಅಂತ ಬರ್ದಿದ್ರೆ ಈ ರಗಳೆನೇ ಇರ್ತಿರ್ಲಿಲ್ಲ."

ನೋಡಿದಿರಾ? ಮಗಳು ಬದುಕಿದ್ದಾಳೆಂದು ತಿಳಿಯಬೇಕಾದರೆ ಮುನಿಯಪ್ಪನ ಅಳಿಯ ಇನ್ನು ರೂಮ್ ಎನ್ನಬೇಕಂತೆ!

ಒಂದೇ ಪ್ರಶ್ನೆ ಕೇಳಿ ಮುಗಿಸುತ್ತೇನೆ. ಕನ್ನಡ ಬಾರದಿರುವುದು ಆ ಮೆಷಿನ್ನಿಗೋ, ಅದನ್ನು ತಂದು ಕೂರಿಸಿದವರಿಗೋ?