ಹಾಜರಾಬಿಯನ್ನು ಕಾಣಲು ಹೊರಟ ಪದ್ಮವ್ವ

ಪದ್ಮವ್ವನಿಗೆ ನೀರೆಂದರೆ ಬಾವಿಯ ನೀರು, ಕೆರೆಯ ನೀರು, ಬಹಳವೆಂದರೆ ಮಲಪ್ರಭೆ. ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ಕಂಡಿದ್ದಳು. ಅಂಥವಳು ಹಡಗು ಹತ್ತಿ, ರಾತ್ರಿಯಿಡೀ ನೀರಿನ ಮೇಲೆ ಪ್ರಯಾಣ ಮಾಡುತ್ತೇನೆಂದು ಹಟ ಹಿಡಿದಾಗ ಅನಗೋಳದ ಓಣಿಯವರು ಯಾರೂ ನಂಬಲಿಲ್ಲ.

ಖಾನಾಪುರದ ಹತ್ತಿರದ ಕುರಿಗಾರರ ಮನೆಯಲ್ಲಿ ಹುಟ್ಟಿದ ಪದ್ಮವ್ವ ಮದುವೆಯಾಗಿ ಬೆಳಗಾವಿಯ ಅನಗೋಳಕ್ಕೆ ಬಂದವಳು. ಗಂಡ ಸಾತಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು ಮಗ ಸಂಜಯನನ್ನು ಐಟಿಐ ಓದಿಸಿದ. ಸಂಜಯನಿಗೆ ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಸಿಕ್ಕಿತು, ಲಕ್ಷದ್ವೀಪದ ಕಲ್ಪೇನಿಗೆ ವರ್ಗವೂ ಆಯಿತು. ಅಲ್ಲಿ ಮೊದಲ ಮಳೆಗಾಲದಲ್ಲೇ ಅವನಿಗೆ ಕಾಮಾಲೆ ಹಿಡಿಯಿತು. ಕಡಲು ಕೆರಳಿ ಹಡಗು ಬರುವಂತಿರಲಿಲ್ಲ. ಆಗ ಬಾಡಿಗೆ ಕೋಣೆಯ ಬಾಜು ಮನೆಯ ಹಾಜರಾಬಿ ಎಂಬ ಹೆಂಗಸು ಅವನನ್ನು ತನ್ನ ಪಡಸಾಲೆಗೆ ಕರೆತಂದು ಮಲಗಿಸಿದಳು. ಹೊತ್ತುಹೊತ್ತಿಗೆ ಗಂಜಿ ಕುಡಿಸಿದಳು, ವಾಂತಿ ಬಳಿದಳು, ದವಾಖಾನೆಗೆ ಕೈಹಿಡಿದು ನಡೆಸಿದಳು. ಹುಡುಗ ಎದ್ದು ಓಡಾಡುವವರೆಗೂ ಅನಗೋಳಕ್ಕೆ ಸುದ್ದಿ ಮುಟ್ಟಲಿಲ್ಲ. ಅವ್ವ ಗಾಬರಿಯಾಗುತ್ತಾಳೆಂದು ಅವನೇ ಹೇಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ರಜೆಗೆ ಬಂದಾಗ ಮಾತಿನ ನಡುವೆ ಎಲ್ಲ ಹೊರಬಿತ್ತು. ಪದ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಮಗನನ್ನು ಕಳಿಸಿದ ಮೇಲೆ ಗಂಡನಿಗೆ ಹೇಳಿದಳು:

"ನಾ ಆಕೀನ ನೋಡಾಕ ಹೋಗಾಕಿ."

"ಕಾಗದಾ ಬರದು ತಿಳಸೂಣಲ್ಲ," ಎಂದ ಸಾತಪ್ಪ.

"ಮಗನ ಜೀವಾ ಉಳಿಸಿದಾಕಿಗೆ ಪೋಸ್ಟಿನ್ಯಾಗ ಕೈ ಮುಗಿಯೂದೇನ್ರಿ?"

ಹರೆಯದಲ್ಲಿ ಕುರಿ ದಾಟಿಸುವಾಗ ಸಾತಪ್ಪನನ್ನು ಹೊಳೆ ಸೆಳೆದುಕೊಂಡಿತ್ತು, ಅಣ್ಣ ಕೂದಲು ಹಿಡಿದು ಎಳೆದದ್ದರಿಂದ ಬದುಕಿದ್ದ. ಅಂದಿನಿಂದ ಹೊಳೆಯ ದಂಡೆಗೂ ಹೋದವನಲ್ಲ. ಹೆಂಡತಿ ಅದನ್ನು ಬಲ್ಲಳು. "ನೀವು ಮನ್ಯಾಗಿರ್ರಿ. ನಾನೂ ಶೀತಲೂ ಹೋಗಿ ಬರತೀವಿ," ಎಂದಳು. ಶೀತಲ ಕಾಲೇಜಿಗೆ ಹೋಗುವ ಮಗಳು.

ತಯಾರಿ ಶುರುವಾಯಿತು. ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು, ಅಲ್ಲಿಯವರೇ ಕರೆಸಿಕೊಳ್ಳಬೇಕು ಎಂದು ತಿಳಿಯಿತು. ಆ ಓಡಾಟವನ್ನು ಶೀತಲ ವಹಿಸಿಕೊಂಡಳು. ಅಪ್ಪನ ಹೆಸರನ್ನೂ ಸೇರಿಸಿಯೇ ಅರ್ಜಿ ಹಾಕಿದಳು, "ಇದ್ದರ ಇರವಲ್ದ್ಯಾಕ" ಎಂದು. ಮಳೆಗಾಲ ಮುಗಿದು ಕಡಲು ಶಾಂತವಾಗುವವರೆಗೆ ಕಾಯಬೇಕಿತ್ತು. ರೈಲಿನಲ್ಲಿ ಲೋಂಡಾ, ಮಡಗಾಂವ್ ದಾಟಿ ಕೊಚ್ಚಿ, ಅಲ್ಲಿಂದ ಸಂಜೆಯ ಹಡಗು ಎಂದು ಗೊತ್ತಾಯಿತು. ಹಾಜರಾಬಿಗೆ ಏನು ಒಯ್ಯುವುದೆಂಬುದೇ ದೊಡ್ಡ ಚರ್ಚೆ. ಹಾಲಿನ ಸಿಹಿ ಕುಂದಾ ಅಷ್ಟು ದೂರ ತಡೆಯದು, ಕರದಂಟು ಆದೀತು ಎಂದಾಯಿತು. ಆಗ ಸಾತಪ್ಪ ಅಟ್ಟದ ಪೆಟ್ಟಿಗೆಯಿಂದ ತನ್ನ ಅವ್ವ ನೂತ ಉಣ್ಣೆಯ ಕರಿಕಂಬಳಿ ತೆಗೆದು ಮುಂದಿಟ್ಟ.

"ಅಪ್ಪಾ, ಅಲ್ಲಿ ಬೆವರು ಸುರಿಯೂವಷ್ಟು ಸೆಕಿ ಐತಿ," ಎಂದು ಶೀತಲ ನಕ್ಕಳು.

"ಸೆಕಿ ಇರವಲ್ದ್ಯಾಕ. ನಮ್ಮ ಮನಿತನದಾಗ ದೊಡ್ಡವರಿಗೆ ಮರ್ಯಾದಿ ಮಾಡೂದು ಕಂಬಳೀಲೇನ," ಎಂದ ಅವನು.

ಅನಗೋಳದ ಬಾಜು ಮನೆಯ ಫೋನಿಗೆ ಸಂಜಯ ಕರೆ ಮಾಡಿ ಮಾತಾಡಿದ ದಿನ ಹೊಸ ತೊಡಕು ಬಂತು. ಹಡಗು ದಂಡೆಯವರೆಗೆ ಹೋಗುವುದಿಲ್ಲವಂತೆ. "ಅವ್ವಾ, ಹಡಗದ ಬಾಗಲದಿಂದ ಸಣ್ಣ ದೋಣಿಗೆ ಇಳೀಬೇಕಾಗತೈತಿ. ದೋಣಿ ತೆರಿ ಮ್ಯಾಲ ಏರಿಳಿತಿರತೈತಿ. ಮ್ಯಾಲ ಬಂದಾಗ ಕಾಲಿಡಬೇಕು." ಪದ್ಮವ್ವ "ಹೂಂ" ಎಂದಳು.

ಮರುದಿನ ಆಕೆ ಖಾನಾಪುರದ ಬಸ್ಸು ಹತ್ತಿದಳು. ಒಬ್ಬಳನ್ನೇ ಕಳಿಸಲಾರದೆ ಸಾತಪ್ಪನೂ ಹೊರಟ. ಅಲ್ಲಿ ತಮ್ಮ ಸಿದರಾಯನಿಗೆ ಅಕ್ಕ ಹೇಳಿದ್ದು ಒಂದೇ ಮಾತು: "ನನಗ ದೋಣಿ ಹತ್ತಿ ಇಳಿಯೂದು ಕಲಸೋ."

ಸಿದರಾಯ ಮಲಪ್ರಭೆಯಲ್ಲಿ ಮೀನು ಹಿಡಿಯುವ ಗೆಳೆಯನನ್ನು ಕರೆತಂದ. ಗೆಳೆಯ ದೋಣಿಯನ್ನು ಘಾಟಿನ ಕಲ್ಲಿಗೆ ತಾಗಿಸಿ, ಬೇಕೆಂದೇ ಹೊಯ್ದಾಡಿಸುತ್ತ "ಘಾಬರೂ ನಕಾ, ಮಾವಶಿ" ಎಂದು ಮರಾಠಿಯಲ್ಲಿ ಧೈರ್ಯ ಹೇಳಿದ. ಮೊದಲ ಸಲ ಪದ್ಮವ್ವ ಕಾಲಿಟ್ಟವಳು ದೋಣಿಯೊಳಗೇ ಕುಕ್ಕರಿಸಿದಳು. ಮತ್ತೊಂದು ಸಲ ಸೀರೆ ಮೊಣಕಾಲವರೆಗೆ ತೊಯ್ದಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡತೊಡಗಿದರು. ಪದ್ಮವ್ವ ನಾಚಲಿಲ್ಲ. ಸೆರಗು ಬಿಗಿದು ಮತ್ತೆ ಹತ್ತಿದಳು, ಮತ್ತೆ ಇಳಿದಳು, ಕೊನೆಗೆ ಯಾರ ಕೈಯನ್ನೂ ಹಿಡಿಯದೆ ನಿಂತಳು.

ದೂರದ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದ ಸಾತಪ್ಪ ಯಾವಾಗ ಎದ್ದು ಬಂದನೋ ಯಾರೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಕಲ್ಲಿನ ತುದಿಯಲ್ಲಿ ನಿಂತಿದ್ದ.

"ಸ್ವಲ್ಪ ಸರೀ," ಎಂದ ಹೆಂಡತಿಗೆ. "ಅಂವ ನನಗೂ ಮಗಾ ಅದಾನ."

ಪದ್ಮವ್ವ ಸರಿದು ಜಾಗ ಮಾಡಿದಳು. ದೋಣಿ ಹೊಳೆಯ ನಡುವಿನವರೆಗೆ ಹೋಗಿ ಬರುವಷ್ಟು ಹೊತ್ತೂ ಸಾತಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ಆದರೆ ಹೋಗಿ ಬಂದ.

ದೀಪಾವಳಿ ಮುಗಿದ ಮೇಲೆ ಮೂವರೂ ಹೊರಟರು. ಖಾನಾಪುರ ಸ್ಟೇಶನ್ನಿನಲ್ಲಿ ಸಿದರಾಯ ಕಿಟಕಿಯಿಂದ ಕಟಕ ರೊಟ್ಟಿಯ ಗಂಟು ಕೊಟ್ಟ. ಹಡಗಿನಲ್ಲಿ ಶೀತಲ ವಾಂತಿ ಮಾಡಿಕೊಂಡು ಮಲಗಿದಳು. ಗಂಡಹೆಂಡಿರು ಒಬ್ಬರ ಪಕ್ಕ ಒಬ್ಬರು ಕೂತು, ಕುರಿ ಕಾಯ್ದ ದಿನಗಳನ್ನೂ ಸಂಜಯ ಹುಟ್ಟಿದ ದಿನವನ್ನೂ ಮಾತಾಡುತ್ತ ಬೆಳಗು ಮಾಡಿದರು. ಕಲ್ಪೇನಿಯ ಹಸಿರು ನೀರಿನ ಮೇಲೆ ದೋಣಿ ಏರಿ ಬಂದಾಗ ಪದ್ಮವ್ವ ಮೊದಲು ಕಾಲಿಟ್ಟಳು, ತಿರುಗಿ ಗಂಡನಿಗೆ ಕೈಕೊಟ್ಟಳು.

ಹಾಜರಾಬಿ ಸಂಜಯನ ಜೊತೆ ದಂಡೆಗೇ ಬಂದಿದ್ದಳು. ಸಣಕಲು ಹೆಂಗಸು, ಪದ್ಮವ್ವನದೇ ವಯಸ್ಸು. ಪದ್ಮವ್ವ ಆಕೆಯ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಸಾತಪ್ಪ ಕಂಬಳಿ ಬಿಡಿಸಿ, ಆ ಬಿಸಿಲಿನಲ್ಲೇ, ಆಕೆಯ ಹೆಗಲಿಗೆ ಹೊದಿಸಿದ. ಹಾಜರಾಬಿ ಬೆವರುತ್ತಲೇ ಅದನ್ನು ಹೊದ್ದುಕೊಂಡು ಮನೆಯವರೆಗೂ ನಡೆದಳು.

ಊಟಕ್ಕೆ ಕೂತಾಗ ಆಕೆ ಹೇಳಿದ್ದನ್ನು ಸಂಜಯ ಕನ್ನಡಕ್ಕೆ ತಿರುಗಿಸಿದ: "ಇವರ ಮಗನೂ ಹಡಗದ ಮ್ಯಾಲ ಕೆಲಸಕ್ಕಿದ್ದಾನ. ಅಂವಗ ಯಾವುದಾರ ಊರಾಗ ಜ್ವರ ಬಂದ್ರ ಅಲ್ಲೂ ಒಬ್ಬಾಕಿ ತಾಯಿ ಇರತಾಳ ಅನ್ಕೊಂಡು ಗಂಜಿ ಕುಡಿಸಿದೆ ಅಂತಾರ."

"ಇರತಾಳಂತ ಹೇಳು. ಬೆಳಗಾವಿಗಿ ಬಂದ್ರಂತೂ ನಾ ಅದೀನಿ," ಎಂದಳು ಪದ್ಮವ್ವ. ಹಾಜರಾಬಿಯತ್ತ ಕೈ ತೋರಿಸಿ, "ಅಂವಗಷ್ಟ ಅಲ್ಲ, ಇವರಿಗೂ ಬರ್ರಿ ಅನ್ನು," ಎಂದಳು.

ಹಾಜರಾಬಿ ಮುಖ ಸಣ್ಣದು ಮಾಡಿಕೊಂಡಳು. ಆಕೆಗೆ ಹಡಗಿನ ಹೆದರಿಕೆ ಇಲ್ಲವಂತೆ, ರೈಲಿನದು ಇದೆಯಂತೆ. ಗುಡ್ಡದೊಳಗಿನ ಸುರಂಗ ಹೊಕ್ಕು ಹೋಗುತ್ತದೆಂದು ಯಾರೋ ಹೇಳಿದ್ದರು.

ಪದ್ಮವ್ವ ತಾಟು ಬದಿಗೆ ಸರಿಸಿ, ಆಕೆಯ ಹತ್ತಿರ ಸರಿದು ಕೂತಳು. "ಹಂಗಾರ ಕೇಳ್ರಿ," ಎಂದು, ಮಡಗಾಂವದಿಂದ ಲೋಂಡಾದವರೆಗೆ ಕತ್ತಲು ಎಲ್ಲೆಲ್ಲಿ ಬರುತ್ತದೆ, ಬಂದಾಗ ಯಾರ ಕೈ ಹಿಡಿಯಬೇಕು ಎಂಬುದನ್ನು ವಿವರಿಸತೊಡಗಿದಳು.